ಬಿಂದಿಗೆ ನಿಂತ ಜಾಗ

ರಾಜಾಜಿನಗರ, ಬೆಂಗಳೂರು
೧೮ ನವೆಂಬರ್ ೧೯೫೭, ಸೋಮವಾರ

ಪ್ರೀತಿಯ ಪ್ರಭಾ,

ಹೇಗಿದ್ದೀಯೆ? ಸಂಜೆಯ ಜ್ವರ ಇಳಿಯಿತೇ? ಸ್ಯಾನಟೋರಿಯಂನಲ್ಲಿ ಮಂಚವನ್ನು ವರಾಂಡಕ್ಕೆ ಹಾಕಿದ್ದಾರೆಂದು ನೀನು ಬರೆದಿದ್ದೆ. ಚಳಿ ಶುರುವಾಗಿದೆ, ಕಿವಿಗೆ ಮಫ್ಲರ್ ಸುತ್ತಿಕೋ. ಮೊಟ್ಟೆಯ ವಿಷಯದಲ್ಲಿ ಹಟ ಬೇಡ. ಪಕ್ಕದ ಮಂಚದ ಕಲ್ಯಾಣಮ್ಮ ಮೂಗು ಹಿಡಿದುಕೊಂಡು, ದೇವರ ಹೆಸರು ಹೇಳಿ ನುಂಗುತ್ತಾರೆಂದು ನೀನೇ ಬರೆದಿದ್ದೀಯೆ. ಆಕೆಯ ಮಡಿಗಿಂತ ನಿನ್ನದು ದೊಡ್ಡದೇನಲ್ಲ. ನಾನು ಚೆನ್ನಾಗಿದ್ದೇನೆ. ಸಾರಿಗೆ ಕೆಲವು ದಿನ ಉಪ್ಪು ಹೆಚ್ಚು, ಕೆಲವು ದಿನ ಹಾಕುವುದೇ ಮರೆತುಹೋಗುತ್ತದೆ. ಎರಡೂ ಊಟವೇ.

ನಿನ್ನ ಕಾಗದ ಬಂತು. ಡಾಕ್ಟರ ಕಾಗದವೂ ಅದೇ ಟಪಾಲಿನಲ್ಲಿ ಬಂತು. ಪಕ್ಕೆಲುಬು ತೆಗೆದು ಕೆಟ್ಟಿರುವ ಶ್ವಾಸಕೋಶವನ್ನು ಅಮುಕಿ ಮಲಗಿಸಿದರೆ ನೀನು ಉಳಿಯುತ್ತೀಯೆ, ಆದರೆ ಹಾಡುವಷ್ಟು ಉಸಿರು ಇರುವುದಿಲ್ಲ ಎಂದು ಅವರು. ಹಾಗಾದರೆ ಆಪರೇಷನ್ ಬೇಡ ಎಂದು ನೀನು. "ಹಾಡು ಬಿಟ್ಟು ಬಂದು ನಾಟಕದ ಶೆಡ್ಡಿನಲ್ಲಿ ನಾನೇನು ಮಾಡಲಿ, ಬಾಗಿಲು ಕಾಯಲೇ?" ಎಂದು ಕೇಳಿದ್ದೀಯೆ. ಉತ್ತರ ಬರೆಯಲು ಕೂತು ಕೆಲವು ಹಾಳೆ ಹರಿದೆ. ಮೊದಲು ನಾಟಕದ ಸುದ್ದಿ ಹೇಳಿಬಿಡುತ್ತೇನೆ. ಏನನ್ನಾದರೂ ಹೇಳಲು ನನಗೆ ಗೊತ್ತಿರುವುದು ಆ ದಾರಿಯೊಂದೇ.

ನಿನ್ನೆ ಸಂಜೆ ಕಾರ್ಖಾನೆಗಳ ಹಿಂದಿನ ನಮ್ಮ ಶೆಡ್ಡಿನಲ್ಲಿ 'ಬಿಂದಿಗೆ' ಆಡಿದೆವು. ನೀನು ಹೋದ ಮೇಲೆ ಇದೇ ಮೊದಲು. ಬಿಂದಿಗೆ ಎಂದಿನಂತೆ ಮುನಿತಾಯಮ್ಮನದು. ಅವಳ ಎಮ್ಮೆ ಮೇಯುತ್ತಿದ್ದ ಹೊಲದಲ್ಲಿ ಈಗ ನಮ್ಮ ಮನೆ ಎದ್ದಿರುವುದರಿಂದಲೋ ಏನೋ, ಆಕೆಗೆ ನಮ್ಮ ಮೇಲೊಂದು ಯಜಮಾನಿಕೆ. ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, "ಬೇಗ ಆಡಿ ಮುಗಿಸ್ರಯ್ಯ, ಕೊಳಾಯಿ ಬಿಡೋ ಹೊತ್ತಾಯ್ತು, ನನ್ ಬಿಂದ್ಗೆ ನಿಮ್ ಕೈಲಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಜನ ನಕ್ಕರು. ಮಾತಿಲ್ಲದ ನಾಟಕದಲ್ಲಿ ಅದೊಂದೇ ಮಾತು. ಕೆಟ್ಟದಾಗೇನೂ ಇರಲಿಲ್ಲ.

ನಿನ್ನ ಜಾಗಕ್ಕೆ ಏನಿಡುವುದೆಂದು ಬಹಳ ಹೆಣಗಿದ್ದೆವು. ನಮ್ಮ ನಿಯಮ ಒಂದೇ ತಾನೆ: ಮಣೆಯ ಮೇಲೆ ಕೂತು ನೀನು ಒಂದು ಸ್ವರ ಹಿಡಿದರೆ ಬಿಂದಿಗೆ ನಿನ್ನ ಪಕ್ಕದಿಂದ ಹೊರಟು ಸಾಲಿನಲ್ಲಿ ಕೈಯಿಂದ ಕೈಗೆ ಸಾಗಬೇಕು, ನಿನ್ನ ಉಸಿರು ಮುಗಿದಲ್ಲಿ ಎಲ್ಲರೂ, ಕಾಲು ಎತ್ತಿದ್ದವರು ಎತ್ತಿದಂತೆಯೇ, ನಿಲ್ಲಬೇಕು. ನೀನಿಲ್ಲವೆಂದು ಹೋದ ವಾರ ಅಭ್ಯಾಸಕ್ಕೆ ಹಾರ್ಮೋನಿಯಂ ತಂದೆವು. ಅದು ನುಡಿಯುತ್ತಲೇ ಇತ್ತು, ಬಿಂದಿಗೆ ಸುತ್ತುತ್ತಲೇ ಇತ್ತು, ಯಾರಿಗೂ ನಿಲ್ಲುವ ಕಾರಣ ಸಿಗಲಿಲ್ಲ. ಆಫೀಸಿನಿಂದ ನೇರವಾಗಿ ಬಂದಿದ್ದ ನಾಣಿ ಬೆವರೊರೆಸಿಕೊಂಡು, "ಸಾರ್, ಇದಕ್ಕೆ ಉಸಿರು ಕಟ್ಟೋದೇ ಇಲ್ಲ, ನಮಗೆ ಕಟ್ತಾ ಇದೆ" ಎಂದ. ಕೋಕಿಲಾ ಶಾಲೆಯಲ್ಲಿ ಮಕ್ಕಳನ್ನು ಹೆದರಿಸುವ ತನ್ನ ಮೇಷ್ಟ್ರ ಗಂಟಲಿನಲ್ಲಿ "ಸುಮ್ನಿರೋ ನಾಣಿ" ಎಂದು ಗದರಿ, ನನ್ನ ಮುಖ ನೋಡಿ, ತಲೆ ತಗ್ಗಿಸಿದಳು. ಉಸಿರು ಎಂಬ ಪದವನ್ನು ನನ್ನೆದುರು ಆಡಬಾರದೆಂದು ಅವರವರಲ್ಲೇ ಒಪ್ಪಂದವಾಗಿದೆಯೆಂದು ಆಗ ತಿಳಿಯಿತು.

ನಿನ್ನೆ ಆಟಕ್ಕೆ ಮೊದಲು ನೆಲ ಗುಡಿಸುವಾಗ ಹಳೆಯ ಸೀಮೆಸುಣ್ಣದ ಗುರುತುಗಳು ಕಂಡವು. ಬಿಂದಿಗೆ ನಿಲ್ಲುವ ಜಾಗಕ್ಕೆ ದೀಪ ಬೀಳಲೆಂದು ನಾನೇ ಗೀಚಿದವು. ಯುಗಾದಿಯ ಹೊತ್ತಿಗೆ ಒಂದೇ ಉಸಿರಿನಲ್ಲಿ ಬಿಂದಿಗೆ ಸಾಲಿನ ಕೊನೆ ಮುಟ್ಟಿ ಅರ್ಧ ಹಿಂದಿರುಗುತ್ತಿತ್ತು. ಆಮೇಲೆ ಕೊನೆಯಲ್ಲೇ ನಿಂತಿತು. ಶ್ರಾವಣದಲ್ಲಿ ನಡುವೆ ಇದ್ದ ಕೋಕಿಲಾಳ ಸೊಂಟದ ಮೇಲೆ. ಕೊನೆಯ ಪ್ರಯೋಗದಲ್ಲಿ ಮೊದಲನೆಯವನಾದ ನಾಣಿಯ ಕೈಯನ್ನೇ ಅದು ಬಿಡಲಿಲ್ಲ. "ಉಸಿರು ಸಾಲ್ತಿಲ್ಲ ಕಣ್ರೀ" ಎಂದು ನೀನು ಹೇಳಿದ್ದೆ. "ಹಾಗೇ ಇರಲಿ, ತುಂಡು ತುಂಡಾಗಿ ಚೆನ್ನಾಗಿದೆ" ಎಂದು ನಾನು. ಪತ್ರಿಕೆಯವನೊಬ್ಬ ಅದನ್ನು ಹೊಸ ನಗರದ ಲಯ ಎಂದು ಬರೆದ. "ನಗರದ ಲಯವಂತೆ! ನನ್ನ ಏದುಸಿರು ಕಣ್ರೀ ಅದು" ಎಂದು ನೀನು ನಕ್ಕು ನಕ್ಕು ಕೆಮ್ಮಿದೆ. ನಾನೂ ನಕ್ಕೆ. ಆ ಬರಹವನ್ನು ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದವನೂ ನಾನೇ. ವಾರವಾರವೂ ಆ ಗುರುತು ನಿನ್ನ ಮಣೆಯ ಕಡೆಗೆ ಸರಿಯುತ್ತಿತ್ತು. ನಾನು ಬಗ್ಗಿ ಬಗ್ಗಿ ಹೊಸದನ್ನು ಬರೆದು, ಎದ್ದು, ಬೆಳಕು ಸರಿಯಾಗಿದೆಯೇ ಎಂದಷ್ಟೇ ನೋಡುತ್ತಿದ್ದೆ.

ಕೊನೆಗೆ ನಿನ್ನೆ ಯಾವ ವಾದ್ಯವೂ ಬೇಡವೆಂದು, ಬರಿಯ ಮಣೆಯನ್ನು ಮುಂದಿಟ್ಟು, ಸದ್ದಿಲ್ಲದೆ ಆಡಿದೆವು. ಬಿಂದಿಗೆ ಹೊರಟಿತು. ಕೋಕಿಲಾಳ ಸೊಂಟಕ್ಕೆ ಬಂದು ನಿಂತಿತು. ಅವಳು ಮಣೆಯನ್ನು ನೋಡುತ್ತಾ ನಿಂತಳು, ಉಳಿದವರೂ ಅತ್ತಲೇ ನೋಡಿದರು. ಮುಂದೆ ಯಾವಾಗ ಹೊರಡಬೇಕೆಂದು ಅವರಿಗೆ ಹೇಳುವವರಿರಲಿಲ್ಲ. ನಾನು ಬದಿಯಲ್ಲಿ ಇದ್ದೆ, ನನಗೂ ತಿಳಿಯಲಿಲ್ಲ. ಬಹಳ ಹೊತ್ತಾಯಿತು. ಆಗ ಮುನಿತಾಯಮ್ಮ ಎದ್ದು ನೇರ ಒಳಗೆ ಬಂದು, "ಎಷ್ಟೊತ್ತು ಅಂತ ನಿಲ್ತೀಯೇ ಮಗಳೇ, ಕೊಡಿಲ್ಲಿ" ಎಂದು ಬಿಂದಿಗೆ ಕಿತ್ತುಕೊಂಡು ಕೊಳಾಯಿಗೆ ಹೊರಟುಹೋದಳು. ನಾಟಕ ಮುಗಿಯಿತೆಂದು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಪ್ರತಿ ಸಲವೂ ಹೀಗೇ ಮುಗಿಸೋಣ ಎನ್ನುತ್ತಾನೆ ನಾಣಿ. ನನ್ನ ತಲೆ ಅವನಿಗಿಂತ ಮುಂದೆ ಓಡಿತ್ತು: ಪ್ರಭಾ ಹಾಡಬೇಕಾಗಿಲ್ಲ, ಶಾಲು ಹೊದ್ದು ಮಣೆಯ ಮೇಲೆ ಕೂತರೆ ಸಾಕು, ಶಾಲು ಏರಿಳಿಯುವುದನ್ನು ನೋಡಿ ಇವರು ಚಲಿಸಲಿ. ಬಾಗಿಲು ಕಾಯುವುದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತೆಂದು ನಿನಗೆ ಬರೆಯಬೇಕೆಂದುಕೊಂಡೆ. ಎಲ್ಲರೂ ಹೋದ ಮೇಲೆ, ಅದಕ್ಕೆ ದೀಪ ಎಲ್ಲಿಡುವುದೆಂದು ನೋಡಲು ಸೀಮೆಸುಣ್ಣ ಹಿಡಿದು ಬಗ್ಗಿದವನು, ಮಣೆಯತ್ತ ಸರಿದ ಆ ಹಳೆಯ ಗುರುತುಗಳನ್ನು ಕಂಡು ಹಾಗೆಯೇ ಕೂತುಬಿಟ್ಟೆ. ಹರಿದ ಹಾಳೆಗಳಲ್ಲಿ ಒಂದು ಆ ಶಾಲಿನ ಉಪಾಯದ್ದು. ಬಕೆಟ್ಟಿನಲ್ಲಿ ನೀರು ತಂದು ನೆಲ ಒರೆಸಿದೆ. ಸಿಮೆಂಟು ಸುಣ್ಣವನ್ನು ಕುಡಿದಿದೆ, ಗುರುತು ಪೂರ್ತಿ ಹೋಗುವುದಿಲ್ಲ.

ಕಲ್ಯಾಣಮ್ಮನವರಿಗೆ ನನ್ನ ನಮಸ್ಕಾರ. ಕೋಕಿಲಾ ನಿನಗೆಂದು ಉಲ್ಲನ್ನಿನ ಕಾಲುಚೀಲ ಹೆಣೆಯುತ್ತಿದ್ದಾಳೆ, ಒಂದು ಮುಗಿದಿದೆ. ಮೈ ಬೆಚ್ಚಗಿಟ್ಟುಕೋ, ಮನಸ್ಸನ್ನೂ.

ನಿನ್ನ,
ಲಕ್ಷ್ಮೀಪತಿ

ಮರೆತದ್ದು: ಟಪಾಲು ಡಬ್ಬಿಯ ಮುಂದೆ ನಿಂತೇ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿ. ಡಾಕ್ಟರಿಗೆ ಗುರುವಾರದೊಳಗೆ ನಿನ್ನ ಒಪ್ಪಿಗೆ ಬೇಕಂತೆ. ಒಪ್ಪಿಕೋ ಪ್ರಭಾ. ಶೆಡ್ಡಿನಲ್ಲಿ ನಿನಗೆ ಯಾವ ಕೆಲಸವೂ ಇಲ್ಲ, ಬಾಗಿಲು ಕಾಯುವುದೂ ಬೇಡ. ಸುಮ್ಮನೆ ಮನೆಗೆ ಬಾ. ಬಸ್ಸಿಳಿದ ಮೇಲೆ ಮನೆಯವರೆಗೆ ಆ ಏರು ಇದೆಯಲ್ಲ, ನೀನು ಹಿಂದೆ ಬೀಳುತ್ತಿದ್ದೆ, ನಾನು ನಾಟಕದ ಮಾತಾಡುತ್ತಾ ತಿರುಗಿಯೂ ನೋಡದೆ ಹೋಗುತ್ತಿದ್ದೆ. ಈ ಸಲ ನಿನ್ನ ಉಸಿರು ಮುಗಿದಲ್ಲಿ ನಾನೂ ನಿಲ್ಲುತ್ತೇನೆ, ಕಾಲು ಎತ್ತಿದ್ದರೆ ಎತ್ತಿದಂತೆಯೇ.