ಎರಡು ಬಿಳಿ ಎಳೆಗಳು

ಸೋಲಾಪುರ
ತಾ. ೬ ಮೇ ೧೯೭೪

ಚಿ. ಶಾಂತಲಿಂಗನಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಲೆಸ್ಟರಿನ ಆ ಥಂಡಿಯಲ್ಲಿ ಕೊರಳಿಗೆ ಮಫ್ಲರ್ ಸುತ್ತಿಕೊಳ್ಳುತ್ತೀಯೋ ಇಲ್ಲವೋ? ನನ್ನ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನಿನ್ನ ತಂಗಿ ನೀಲಾಳನ್ನು ಮಂದ್ರೂಪದವರಿಗೆ ಧಾರೆ ಎರೆದು ಕೊಟ್ಟೆವು. ಹುಡುಗನ ಓದು ಅಷ್ಟಕ್ಕಷ್ಟೇ, ಆದರೆ ಕಬ್ಬಿನ ಹೊಲವಿದೆ. ನೀಲಾ ಅಳಲಿಲ್ಲ. ಅದು ನಿನ್ನ ಪುಣ್ಯ.

ಫೆಬ್ರವರಿಯ ಚುನಾವಣೆಯ ಬಗ್ಗೆ ನೀನು ಬರೆದ ಪತ್ರವನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿಸಿದ್ದೆ. ಕನ್ಸರ್ವೇಟಿವರಿಗೆ ಮತ ಹೆಚ್ಚು, ಲೇಬರಿಗೆ ಸೀಟು ಹೆಚ್ಚು. ಅರವತ್ತು ಲಕ್ಷ ಮತ ಬಿದ್ದ ಲಿಬರಲರಿಗೆ ಹದಿನಾಲ್ಕೇ ಸೀಟು. ಇದು ಯಾವ ನ್ಯಾಯ ಎಂದು ನೀನು ಹೊಟ್ಟೆ ಉರಿದುಕೊಂಡಿದ್ದೆ. ಆದರೂ ಜಾಣ ನೀನು! ಮನಸ್ಸು ಲಿಬರಲರ ಕಡೆಗಿದ್ದರೂ, ಗೆಲ್ಲದವರಿಗೆ ಹಾಕಿ ಮತ ಹಾಳುಮಾಡಬಾರದೆಂದು, ಕನ್ಸರ್ವೇಟಿವ್ ಒಬ್ಬ ಬರದಿದ್ದರೆ ಸಾಕೆಂದು ಲೇಬರಿಗೆ ಹಾಕಿದೆ. ಜೊತೆಗೆ ನನಗೂ ಬುದ್ಧಿಮಾತು: ನೀಲಾಳಿಗೆ ಕಾಲೇಜೋ ಮದುವೆಯೋ ಎಂಬುದನ್ನು ಮನೆಯವರೆಲ್ಲ ಮತ ಹಾಕಿ ತೀರ್ಮಾನಿಸಲಿ, ಅವಳಿಗೂ ಒಂದು ಮತವಿರಲಿ. ಮಗ ಅಪ್ಪನಿಗೆ ರಾಜ್ಯಭಾರ ಕಲಿಸಿದ. ಆಗಲಿ ಎಂದೆ.

ಓದು ಬಾರದ ನಿನ್ನ ಅವ್ವ, ಕಾಕಿ ಇಬ್ಬರೂ ಮತ ಹಾಕಲೆಂದು ಮಗ್ಗದಿಂದ ಬಣ್ಣದ ನೂಲು ತಂದು, ತಲೆಗೊಂದು ಎಳೆ ಹಾಕಲು ಖಾಲಿ ಕೊಡ ಇಟ್ಟೆ. ಬಿಳಿ ಎಂದರೆ ಕಾಲೇಜು, ಹಸಿರು ಎಂದರೆ ಮಂದ್ರೂಪ, ಕೆಂಪು ಎಂದರೆ ಚಪಳಗಾಂವದ ಐವತ್ತರ ವಿಧುರ. ಸಮಸಮವಾದರೆ ಹಿರಿಯನಾದ ನನ್ನ ಮಾತೇ ಕೊನೆ. ನಾನು ಕೆಂಪು, ನಿನ್ನ ಕಾಕಾ ನಾಗಣ್ಣ ಹಸಿರು ಎಂದು ಮೊದಲೇ ಸಾರಿದೆವು. ಹೆಂಡತಿಯರು ಗಂಡಂದಿರ ಹಿಂದೆಯೇ ಬರುತ್ತಾರೆ, ಅಣ್ಣ-ತಂಗಿ ಬಿಳಿ ಹಾಕಿದರೆ ಮೂರಕ್ಕೂ ಎರಡೆರಡಾಗಿ ಕೊನೆಗೆ ವಿಧುರನೇ ಗಂಟುಬೀಳುತ್ತಾನೆ ಎಂದು ನೀಲಾ ಎಣಿಸಿದಳು. ನಾನು ಬರೆದು ತಿಳಿಸಿದ್ದನ್ನು ಓದಿ ನೀನೂ ಅಲ್ಲಿ ಕುಳಿತು ಹಾಗೆಯೇ ಎಣಿಸಿ, ‘ನಂದು ಮಂದ್ರೂಪಕ್ಕ ಹಾಕ್ರಿ ಅಪ್ಪಾ, ಆ ಮುದುಕ ಬ್ಯಾಡ’ ಎಂದು ಬರೆದೆ. ನೀಲಾ ಬಿಳಿ ಎಳೆಯನ್ನು ಎತ್ತಿಕೊಂಡು ಬಹಳ ಹೊತ್ತು ಬೆರಳಿಗೆ ಸುತ್ತುತ್ತ ನಿಂತಳು. ‘ಗೆಲ್ಲದ್ದಕ್ಕ ಹಾಕಿ ಹಾಳ ಮಾಡಬಾರದಂತ ಅಣ್ಣಾ ಬರದಾನಲ್ಲ’ ಎಂದವಳೇ ಅದನ್ನಿಟ್ಟು ಹಸಿರನ್ನು ಕೊಡದೊಳಗೆ ಬಿಟ್ಟಳು.

ಕೊಡ ಬೋರಲು ಹಾಕಿದವನು ನಾನೇ. ಹಸಿರು ನಾಲ್ಕು, ಬಿಳಿ ಎರಡು, ಕೆಂಪು ಒಂದೂ ಇಲ್ಲ. ನಾನು ಹಾಕಿದ್ದೂ ಹಸಿರೇ. ಬಿಳಿ ಎರಡೂ ನಿನ್ನ ಅವ್ವನದು, ಕಾಕಿಯದು! ಅವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ‘ಹಸರು ಗೆದ್ದೈತಿ’ ಎಂದೆ. ನೀನೂ ನೀಲಾಳೂ ಮನಸ್ಸಿನಲ್ಲಿದ್ದದ್ದನ್ನೇ ಹಾಕಿದ್ದರೆ ಬಿಳಿ ನಾಲ್ಕಾಗಿ ನೀಲಾ ಜೂನಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ನಿನ್ನ ಅವ್ವನೊಡನೆ ಮಾತು ಬಿಟ್ಟಿದ್ದೇನೆ. ನಿನ್ನನ್ನು ಓದಿಸಿ ಕಳೆದುಕೊಂಡೆನಪ್ಪಾ, ಆ ಸಿಟ್ಟು ಇನ್ನೂ ಆರಿಲ್ಲ. ಇನ್ನೊಂದನ್ನೂ ಕಳೆದುಕೊಳ್ಳಲು ನಾನೇನು ಹುಚ್ಚನೇ?

ಹೊತ್ತಿಗೆ ಸರಿಯಾಗಿ ಉಣ್ಣು. ಸಿದ್ಧರಾಮೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಸಿದ್ದರಾಮಪ್ಪ

ತಾ.ಕ.: ಚಪಳಗಾಂವದಲ್ಲಿ ಯಾವ ವಿಧುರನೂ ಇಲ್ಲ. ನಾನೂ ನಾಗಣ್ಣನೂ ಅಂಗಡಿಯಲ್ಲಿ ಚಹಾ ಕುಡಿಯುತ್ತ ಹುಟ್ಟಿಸಿದ ವರ ಅವನು. ನೀಲಾಳಿಗೆ ಹೇಳಬೇಡ. ಮಂದ್ರೂಪದ ಬಸ್ಸು ಹತ್ತುವಾಗ, ‘ಅಣ್ಣಾನ ನನ್ನ ಉಳಿಸ್ಯಾನ, ಅವಗ ಪತ್ರಾ ಬರೀತೀನಿ’ ಎಂದಳು. ನಿನ್ನ ವಿಳಾಸ ಕೊಟ್ಟಿದ್ದೇನೆ.