ಅಗ್ಗದ ಬ್ರೂಕ್ನರ್

ಖಿದಿರ್‌ಪುರ, ಕೋಲ್ಕತ್ತ
೧೨ ಆಗಸ್ಟ್ ೨೦೨೪, ಸೋಮವಾರ

ಪ್ರೀತಿಯ ಅಪ್ಪಾ,

ಕಾಲು ಹೇಗಿದೆ? ಸಿಲ್ಚಾರಿನ ಸೆಕೆಗೆ ಬೆರಳ ಸಂದಿಯ ತುರಿಕೆ ಮತ್ತೆ ಎದ್ದಿದೆ ಅಂತ ಅಮ್ಮನಿಗೆ ಹೇಳಿದಿರಂತೆ. ಮನೆಗೆ ಬಂದ ಕೂಡಲೇ ಸಾಕ್ಸ್ ಕಳಚಿ ಕಾಲು ಒರೆಸಿಕೊಳ್ಳಿ. ಮ್ಯಾನೇಜರ್ ಆದವರು ಚಪ್ಪಲಿ ಹಾಕಬಾರದು ಅಂತ ಬ್ಯಾಂಕಿನ ಯಾವ ಸರ್ಕ್ಯುಲರಿನಲ್ಲೂ ಇಲ್ಲ. ಸಕ್ಕರೆಯ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಅಮ್ಮ ಚೆನ್ನಾಗಿದ್ದಾಳೆ. ಊರಿಂದ ತಂದ ಕುಚ್ಚಲಕ್ಕಿ ಮುಗಿಯಿತು, ಸದ್ಯಕ್ಕೆ ಅವಳಿಗಿರುವ ದೊಡ್ಡ ದುಃಖ ಅದು. ಎರಡನೆಯದು ನಾನು, ಎಂ.ಎ. ಮಾಡಿ ಮನೆಯಲ್ಲಿ ಕೂತವಳು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅಮ್ಮ ಪಕ್ಕದಲ್ಲಿದ್ದರೆ ಇನ್ನೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹೇಳಿದ್ದಕ್ಕೆ ನಿನ್ನೆ ಸಂಜೆ ನಿಮ್ಮ ಸಿಡಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಸದರ್ನ್ ಅವೆನ್ಯೂಗೆ, ಭಾದುರಿ ಬಾಬುವಿನ ಮನೆಗೆ ಹೋದೆ. ‘ಇನ್ನು ನನಗೆ ಬೇಡ, ಅವರ ಬಳಗಕ್ಕೆ ಕೊಟ್ಟುಬಿಡು, ಹೊಸಬರು ಯಾರಾದರೂ ಕೇಳಲಿ’ ಎಂದಿರಿ. ಆ ‘ಬೇಡ’ ಎಲ್ಲಿ ಹುಟ್ಟಿತು ಅಂತ ನನಗೆ ಗೊತ್ತು. ಹೋದ ಚಳಿಗಾಲ ಪಾಶ್ಚಾತ್ಯ ಸಂಗೀತ ಆಲಿಸುವ ಆ ಬಳಗಕ್ಕೆ ಸೇರಬೇಕೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಿಮ್ಮ ಪ್ರೀತಿಯ ಬ್ರೂಕ್ನರ್ ಸಿಂಫನಿಯ ಡಿಸ್ಕ್ ಹಿಡಿದು ಹೋಗಿದ್ದಿರಿ, ನಾನೂ ಜೊತೆಗಿದ್ದೆ. ಭಾದುರಿ ಬಾಬು ಆ ತೆಳ್ಳಗಿನ ರಟ್ಟಿನ ಕವರನ್ನು ಎರಡೇ ಬೆರಳಲ್ಲಿ ಎತ್ತಿ, ‘ಸುಧಾಕರ್‌ಬಾಬು, ಇದು ಸಂಗೀತ ಅಲ್ಲ, ಸಂಗೀತದ ಝೆರಾಕ್ಸ್’ ಎಂದರು. ಎಲ್ಲರೂ ನಕ್ಕರು. ನೀವೂ ನಕ್ಕು, ‘ಹೌದು ಹೌದು, ಅಗ್ಗದ್ದು, ಕ್ಷಮಿಸಿ’ ಅಂದಿರಿ. ಅವರ ನಗೆಗಿಂತ ನಿಮ್ಮ ನಗೆಯೇ ನನಗೆ ಹೆಚ್ಚು ಅಸಹ್ಯವಾಯಿತು ಅಪ್ಪಾ. ಹೇಳಬಾರದು, ಹೇಳಿದೆ.

ಆ ಡಿಸ್ಕುಗಳಲ್ಲಿ ಕ್ಷಮೆ ಕೇಳುವಂಥದ್ದು ಏನಿದೆ? ಐವತ್ತು ಅರವತ್ತು ವರ್ಷ ಹಿಂದೆ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳು ನುಡಿಸಿದ್ದನ್ನೇ ಕಂಪನಿಗಳು ವಿವರದ ಪುಸ್ತಿಕೆ ಕಿತ್ತು, ಎಲ್ಲದಕ್ಕೂ ಅದೇ ಜಲಪಾತದ ಚಿತ್ರ ಅಂಟಿಸಿ ಅಗ್ಗಕ್ಕೆ ಮಾರಿದವು. ಕಿತ್ತದ್ದು ಪುಸ್ತಿಕೆಯನ್ನು, ಪಿಟೀಲುಗಳನ್ನಲ್ಲ. ಭಾನುವಾರ ಅಮ್ಮ ನೀರುದೋಸೆಗೆ ಅಕ್ಕಿ ರುಬ್ಬುವಾಗ ನೀವು ಮಾಹ್ಲರನ ಸಿಂಫನಿ ಹಾಕಿ, ಗ್ರೈಂಡರ್ ನಿಲ್ಲುವ ತನಕ ವಾಲ್ಯೂಮ್ ಏರಿಸುತ್ತಿದ್ದಿರಿ. ‘ಎಂಥದು ಮಾರಾಯ್ರೇ, ಯಾರ ಮನೆಗೆ ಬೆಂಕಿ ಬಿದ್ದದ್ದು?’ ಅಂತ ಅಮ್ಮ ಕೂಗುತ್ತಿದ್ದಳು. ಅಷ್ಟು ಜನ ಒಟ್ಟಿಗೆ ಉಸಿರು ತೆಗೆದುಕೊಂಡು ಹಿತ್ತಾಳೆಯ ಕಹಳೆಗಳನ್ನು ಊದುವಾಗ ನನ್ನ ಬೆನ್ನಲ್ಲಿ ಏನೋ ಎದ್ದು ಕೂರುತ್ತಿತ್ತು. ಐದು ವರ್ಷ ಸಾಹಿತ್ಯ ಓದಿದರೂ ಅದಕ್ಕೆ ಹೆಸರು ಸಿಕ್ಕಿಲ್ಲ.

ನಿನ್ನೆಗೆ ಬರುತ್ತೇನೆ. ಭಾದುರಿ ಬಾಬು ಚೀಲ ನೋಡಿ, ‘ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಇಡು ಮಾ’ ಎಂದರು. ಅಂದು ಅವರ ಹೊಸ ರೆಕಾರ್ಡ್ ಪ್ಲೇಯರಿನ ಉದ್ಘಾಟನೆ. ವಿದೇಶದಿಂದ ತರಿಸಿದ ದಪ್ಪನೆಯ ರೆಕಾರ್ಡೊಂದನ್ನು ಮದುಮಗಳನ್ನು ಇಳಿಸುವ ಹಾಗೆ ಕವರಿನಿಂದ ಇಳಿಸಿದರು. ನೋಡಿದರೆ ಅದೇ ಬ್ರೂಕ್ನರ್! ಅದೇ ಆರ್ಕೆಸ್ಟ್ರಾ, ಅದೇ ಕಛೇರಿ, ನಿಮ್ಮ ಝೆರಾಕ್ಸಿನ ಅಸಲು. ನಿಧಾನಗತಿಯ ಭಾಗ ಶುರುವಾಯಿತು. ಪಿಟೀಲುಗಳೆಲ್ಲ ಜ್ವರ ಬಂದು ಮಲಗಿದ ಹಾಗೆ ಕೆಳದನಿಯಲ್ಲಿ ನರಳುತ್ತಿದ್ದವು. ನಿಮ್ಮ ಡಿಸ್ಕಿನಲ್ಲಿ ಸಭಿಕರಲ್ಲೊಬ್ಬ ಕೆಮ್ಮುವ ಜಾಗ ನೆನಪಿದೆಯಲ್ಲ? ಅದೇ ಕೆಮ್ಮು ಇಲ್ಲೂ ಬಂತು, ಕೋಣವೊಂದು ಗಂಟಲು ಸರಿಮಾಡಿಕೊಂಡ ಹಾಗೆ. ನನಗೆ ಆಗಲೇ ತಿಳಿಯಿತು. ಇಂಥ ದುಬಾರಿ ರೆಕಾರ್ಡುಗಳಲ್ಲಿ ಕೆಲವನ್ನು ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದಲ್ಲಿ ತಿರುಗಿಸಬೇಕು; ಬಾಬು ಎಂದಿನ ಹಾಗೆ ಮೂವತ್ತಮೂರಕ್ಕೆ ಬಿಟ್ಟಿದ್ದರು.

ಸೋಫಾದಲ್ಲಿದ್ದ ನಿವೃತ್ತ ಡಾಕ್ಟರು ಕಣ್ಣುಮುಚ್ಚಿ, ‘ಆಹಾ, ಕೀ ಗೊಭೀರ್! ಈ ಆಳ ಸಿಡಿಯಲ್ಲಿ ಎಲ್ಲಿಂದ ಬರಬೇಕು?’ ಎಂದರು. ನಾನು ಎಷ್ಟೋ ಧೈರ್ಯ ಮಾಡಿ ಬಾಬುವಿಗೆ, ‘ಕಾಕು, ಸ್ವಲ್ಪ ನಿಧಾನ ಆಗಿಲ್ವಾ?’ ಎಂದೆ. ‘ಅಗ್ಗದ್ದು ಕೇಳಿ ಬೆಳೆದ ಕಿವಿಗೆ ಅಸಲಿಯೆಲ್ಲ ನಿಧಾನವೇ ಮಾ’ ಎಂದು ಬಾಬು ನಕ್ಕರು. ಮತ್ತೆ ಎಲ್ಲರೂ ನಕ್ಕರು. ಅವರಿಗೆ ನಗುವುದಕ್ಕೆ ಒಂದು ಕೈಸನ್ನೆ ಸಾಕು. ಅಷ್ಟರಲ್ಲಿ ಚಹಾ, ಸಮೋಸ ತಂದ ಅವರ ಹೆಂಡತಿ, ‘ಓಮಾ, ಇನ್ನೂ ಮುಗಿದಿಲ್ವಾ? ಸಿಂಗಾಡಾ ತಣ್ಣಗಾಯ್ತು’ ಎಂದು ಬೈಸಿಕೊಂಡರು.

ಅಂತೂ ಆ ಬದಿ ಮುಗಿಯಿತು. ರೆಕಾರ್ಡ್ ಮಗುಚುವಾಗ ಬಾಬುವಿನ ಕಣ್ಣು ನಡುವಿನ ಲೇಬಲಿನ ‘೪೫’ರ ಮೇಲೆ ನಿಂತಿತು. ಕಿವಿ ಕೆಂಪಾಯಿತು. ತಲೆ ಎತ್ತಿದಾಗ ಎದುರಿಗೆ ಸಿಕ್ಕವಳು ನಾನೇ. ಆಮೇಲೆ ಅವರು ಬೆನ್ನು ತಿರುಗಿಸಿ, ಕೆಮ್ಮಿ, ಕಿರುಬೆರಳಲ್ಲಿ ವೇಗದ ಗುಂಡಿ ಒತ್ತಿದರು. ಸಂಗೀತ ಎದ್ದು ಕೂತಿತು, ನಮ್ಮ ಮನೆಯಲ್ಲಿ ಕೇಳಿಸುತ್ತಿದ್ದ ಹಾಗೆಯೇ. ಡಾಕ್ಟರು ಮಾತ್ರ ಮುಖ ಸಿಂಡರಿಸಿ, ‘ಈ ಬದಿಯಲ್ಲಿ ಪಾಪ ಕಂಡಕ್ಟರಿಗೆ ಏನೋ ಅವಸರ’ ಎಂದರು. ಭಾದುರಿ ಬಾಬು, ‘ಹೌದು, ಸ್ವಲ್ಪ ಅವಸರ’ ಎಂದು ಒಪ್ಪಿದರು! ತಪ್ಪು ಯಾರೂ ಮಾಡಬಹುದು. ತಿಳಿದ ಮೇಲೂ ಸತ್ತ ಸಂಗೀತಗಾರನ ತಲೆಗೆ ಕಟ್ಟುವವರು ದೊಡ್ಡ ರಸಿಕರೇ ಇರಬೇಕು.

ಇಂಥವರು ಹೇಳಿದರೆಂದು ನಿಮ್ಮ ಕಿವಿಯನ್ನು ನೀವೇ ಗುಜರಿಗೆ ಹಾಕಿದಿರಲ್ಲ! ನಾನು ಏಳುವಾಗ ಚಪ್ಪಲಿಯ ಜೊತೆ ಚೀಲವನ್ನೂ ಎತ್ತಿಕೊಂಡೆ. ಯಾರೂ ಕೇಳಲಿಲ್ಲ. ಮನೆಗೆ ಬಂದರೆ ಅಮ್ಮ, ‘ಪುನಃ ಹೊತ್ತು ತಂದೆಯಾ ಮಾರಾಯ್ತಿ!’ ಎಂದಳು. ಬೈಗುಳದ ಹಾಗೆ ಕೇಳಿಸಲಿಲ್ಲ. ರಜೆ ಮುಗಿಸಿ ನಿಮ್ಮ ಶಾಖೆಗೆ ಮರಳುತ್ತಿರುವ ನವೀನಣ್ಣನ ಕೈಯಲ್ಲಿ ಅದನ್ನೂ ಚಿಕ್ಕ ಪ್ಲೇಯರನ್ನೂ ಕಳಿಸುತ್ತಿದ್ದೇನೆ. ಅಲ್ಲಿ ನಿಮ್ಮದು ಒಂಟಿ ಮನೆ, ಜೋರಾಗಿ ಹಾಕಿ.

ಅಮ್ಮನ ನೆನಪುಗಳು, ನನ್ನ ನಮಸ್ಕಾರ, ಬೈದದ್ದಕ್ಕೂ ಸೇರಿಸಿ.

ನಿಮ್ಮ ಮಗಳು,
ಅಶ್ವಿತಾ

ತಾ.ಕ.: ನವೀನಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ಭಾದುರಿ ಬಾಬು ಫೋನ್ ಮಾಡಿದ್ದರು. ನಿಮ್ಮನ್ನು ಬಳಗಕ್ಕೆ ಸೇರಿಸಿಕೊಂಡಿದ್ದಾರಂತೆ. ದುರ್ಗಾಪೂಜೆಯ ರಜೆಗೆ ಬಂದಾಗ ನಿಮ್ಮ ಕುರ್ಚಿ ಕಾದಿರುತ್ತದಂತೆ. ನಿನ್ನೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಕುರ್ಚಿ ಯಾರ ಬಾಯಿ ಮುಚ್ಚಲು ಅಂತ ಇಬ್ಬರಿಗೂ ಗೊತ್ತು. ಬೇಡ ಎಂದು ನಾನೇ ಹೇಳುವವಳಿದ್ದೆ. ಆದರೆ ಆಸೆ ನಿಮ್ಮದು, ಉತ್ತರವೂ ನಿಮ್ಮದೇ ಆಗಲಿ. ಪತ್ರ ಓದಿ ಮುಗಿಸಿದ ಮೇಲೇ ಚೀಲ ಕೊಡು ಎಂದು ನವೀನಣ್ಣನಿಗೆ ಹೇಳಿದ್ದೇನೆ. ಕುರ್ಚಿ ಬೇಕಾದರೆ ಚೀಲ ಮುಟ್ಟಬೇಡಿ, ಮುಂದಿನ ಸಲ ಬರುವಾಗ ಅವನು ವಾಪಸ್ ತರುತ್ತಾನೆ, ಅವು ನನ್ನವಾಗುತ್ತವೆ. ಎರಡೂ ಬೇಕು ಅಂದರೆ ಆಗುವುದಿಲ್ಲ.