ಜೀನಿನ ಕೋಣೆಯ ಬೆಂಕಿ

ಅಪ್ಪಾ,

ನೀನು ಸತ್ತಮೇಲೆ ಮೊದಲ ಸಲ ಇವತ್ತು ಆಷ್‌ಕೂಂಬ್ ಬಂಗಲೆಯ ಕುದುರೆಲಾಯಕ್ಕೆ ಹೋಗಿದ್ದೆ. ನೀನು ಜೀವ ಸವೆಸಿದ ಜಾಗ ಈಗ ಚಹಾದಂಗಡಿ. "ಇನ್ನೂರೈವತ್ತು ವರ್ಷದ ಕಟ್ಟಡ. ಕುದುರೆ ಕಣ್ಣಿಗೆ ಬಿಸಿಲು ಹೊಡೀಬಾರ್ದು ಅಂತ ಕಿಟಕಿ ಎಷ್ಟು ಮೇಲಿಟ್ಟಿದಾರೆ ನೋಡಿ!" ಎಂದು ಅಂಗಡಿಯವಳು ಹೊಗಳಿದಳು.

"ಮೇಲೆ ಆಳುಗಳ ಕೋಣೇಲಿ ಒಲೆನೇ ಇಲ್ವಲ್ಲ?" ಎಂದೆ.

"ಪಕ್ಕದಲ್ಲೇ ಹುಲ್ಲಿನ ಅಟ್ಟ, ಬೆಂಕಿ ಬಿದ್ರೆ? ಕೆಳಗಿನ ಕುದುರೆಗಳ ಕಾವೇ ಸಾಕಾಗ್ತಿತ್ತಂತೆ ಅವರಿಗೆ."

ಸಾಕಾಗುತ್ತಿತ್ತಂತೆ! ನೀನೂ ಅದನ್ನೇ ಹೇಳುತ್ತಿದ್ದೆ. ಜೀನು, ಲಗಾಮಿಗೆ ಬೂಷ್ಟು ಹಿಡಿಯಬಾರದೆಂದು ಕೆಳಗಿನ ಜೀನಿನ ಕೋಣೆಯಲ್ಲಿ ಚಳಿಗಾಲವಿಡೀ ಬೆಂಕಿ ಉರಿಸಿದವನು ನೀನು. ನಾವಿದ್ದ ಮೇಲಿನ ಕೋಣೆಯ ಚಳಿಗೆ ಕೆಮ್ಮಿ ಕೆಮ್ಮಿ ಸೋತ ಅಮ್ಮ, "ಎಡ್ವಿನ್, ಜೀನಿನ ಕೋಣೇಲಿ ಮಲಗ್ಲಾ?" ಎಂದು ಕೇಳಿದಾಗ, "ದೊರೆಗೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಗದರಿಸಿದೆ. ಮಾರ್ಚ್‌ನಲ್ಲಿ ಅವಳನ್ನು ಮಣ್ಣು ಮಾಡುವಾಗ ನಿನ್ನ ಮರ್ಯಾದೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಚಹಾದಂಗಡಿಯವರು ಈಗಲೂ ಆ ಕೋಣೆಯ ಒಲೆ ಉರಿಸುತ್ತಾರೆ. ಇವತ್ತು ಆ ಬೆಂಕಿಯ ಪಕ್ಕದಲ್ಲೇ ಕೂತೆ. ನಾನು ತೊಟ್ಟಿದ್ದ ಅಮ್ಮನ ಕೋಟು ಮಳೆಗೆ ನೆನೆದಿತ್ತು. ನೀನು ಜೀನು ಹಾಕುತ್ತಿದ್ದ ಗೂಟಕ್ಕೇ ಅದನ್ನು ನೇತುಹಾಕಿ, ಒಣಗಿ ಬೆಚ್ಚಗಾಗುವವರೆಗೂ ಕದಲಲಿಲ್ಲ.

ಪಕ್ಕದ ಗೂಟ ಖಾಲಿಯಿತ್ತು. ನನ್ನ ಚೀಲದಲ್ಲಿ ನಿನ್ನ ಟೋಪಿಯೂ ಇತ್ತು. ಹೊರಗೆ ತೆಗೆಯಲಿಲ್ಲ.